ಲಾ ಓದೋ ಹುಡುಗನ ಫಜೀತಿಗಳು

ಇಂಜಿನಿಯರಿಂಗ್ ಓದುವವನನ್ನು ಯಾರೂ ದಾರಿಯಲ್ಲಿ ನಿಲ್ಲಿಸಿ ಸೇತುವೆ ಕಟ್ಟಿಕೊಡಪ್ಪ ಅನ್ನುವುದಿಲ್ಲ. ಲಾ ಓದುವವನು ಸಿಕ್ಕರೆ ಮಾತ್ರ ಜನಕ್ಕೆ ಒಂದೋ ಭಯ ಹುಟ್ಟುತ್ತದೆ, ಇಲ್ಲವೇ ಒಂದು ಕೇಸು ಹುಟ್ಟುತ್ತದೆ. ಪಿಯುಸಿ ಮುಗಿಸಿ ಮೈಸೂರಿನಲ್ಲಿ ಐದು ವರ್ಷದ ಬಿ.ಎ. ಎಲ್‌ಎಲ್.ಬಿ.ಗೆ ಸೇರಿದಾಗಿನಿಂದ ನನಗೆ ಇಂಥವು ಆಗುತ್ತಲೇ ಇವೆ. ಈಗಿನ್ನೂ ನಾಲ್ಕನೇ ವರ್ಷ.

ಬಾಡಿಗೆ ರೂಮು

ನಮ್ಮೂರು ಕೆ.ಆರ್. ನಗರದ ಕಡೆ. ದಿನಾ ಓಡಾಡೋದು ಕಷ್ಟ ಅಂತ ಸರಸ್ವತಿಪುರಂನಲ್ಲಿ ರೂಮು ಹುಡುಕಲು ಹೊರಟೆ. ಎಲ್ಲ ಮನೆಯಲ್ಲೂ ಒಂದೇ ಕಥೆ.

"ಸ್ಟೂಡೆಂಟಾ? ಬನ್ನಿ, ಕೂತ್ಕೊಳ್ಳಿ. ಕಾಫಿ ಕುಡೀತೀರಾ? ಏನು ಓದ್ತಿದೀರಿ?"

"ಲಾ, ಸಾರ್."

ಕಾಫಿ ಬರುತ್ತಿರಲಿಲ್ಲ. "ಅಯ್ಯೋ, ರೂಮು ನಿನ್ನೆ ತಾನೇ ಬೇರೆಯವರಿಗೆ ಕೊಟ್ಟುಬಿಟ್ವಲ್ಲ" ಅನ್ನುವ ಮಾತು ಬರುತ್ತಿತ್ತು. ಲಾಯರು ಒಳಗೆ ಬಂದರೆ ಮತ್ತೆ ಹೊರಗೆ ಹೋಗುವುದಿಲ್ಲ ಅಂತ ಎಲ್ಲ ಓನರುಗಳೂ ಗಟ್ಟಿಯಾಗಿ ನಂಬಿದ್ದರು. ಕೊನೆಗೆ ಸೀನಿಯರೊಬ್ಬ ಬುದ್ಧಿ ಹೇಳಿಕೊಟ್ಟ. "ಡಿಗ್ರಿ ಹೆಸರು ಪೂರ್ತಿ ಯಾಕೋ ಹೇಳ್ತೀಯ? ಬಿ.ಎ. ಅಂತ ನಿಲ್ಲಿಸು. ಸುಳ್ಳೇನಲ್ವಲ್ಲ."

ಹಾಗೆ ನಿಲ್ಲಿಸಿದ್ದಕ್ಕೆ ರಿಟೈರಾದ ಪೋಸ್ಟ್‌ಮಾಸ್ಟರೊಬ್ಬರ ಮಹಡಿ ರೂಮು ಸಿಕ್ಕಿತು. ಕಾಫಿಯೂ ಸಿಕ್ಕಿತು. ಎಲ್ಲ ಚೆನ್ನಾಗಿತ್ತು, ಒಂದು ಭಾನುವಾರ ತಾರಸಿಯಲ್ಲಿ ಬಿಳಿ ಶರ್ಟು, ಕರಿ ಕೋಟು ಒಣಗುತ್ತಿದ್ದದ್ದು ಅವರ ಕಣ್ಣಿಗೆ ಬೀಳುವವರೆಗೆ. ಅವರು ಕೋಟನ್ನು ನೋಡಿದರು, ನನ್ನನ್ನು ನೋಡಿದರು. ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟತೊಡಗಿದೆ.

"ಓದೋದರ ಜೊತೆಗೆ ಕೇಟರಿಂಗ್‌ಗೂ ಹೋಗ್ತೀಯೇನಪ್ಪ?" ಅಂದರು. "ಒಳ್ಳೇದು, ದುಡಿಯೋಕೆ ನಾಚಿಕೆ ಪಡಬಾರದು. ಬರೋ ವಾರ ನಮ್ಮ ನಾದಿನಿ ಮಗಳ ಮದುವೆ. ಬಡಿಸೋ ಕಡೆ ಸ್ವಲ್ಪ ನೋಡ್ಕೊಳ್ತೀಯಾ?"

ಅಂಥ ಗಾಳಿ ಬೆಳಕಿನ ರೂಮು ಮತ್ತೆಲ್ಲಿ ಸಿಗಬೇಕು! ಹೋದೆ. ಕರಿ ಕೋಟು ಹಾಕಿಕೊಂಡೇ ಹೋದೆ. ಎರಡನೇ ಪಂಕ್ತಿಗೆ ಹಪ್ಪಳ ಹಾಕುತ್ತಾ ಬರುತ್ತಿದ್ದವನು ಒಂದು ಎಲೆಯ ಮುಂದೆ ಕಲ್ಲಾಗಿ ನಿಂತೆ. ನಮಗೆ ಕಾಂಟ್ರ್ಯಾಕ್ಟ್ ಕಾಯಿದೆ ಪಾಠ ಮಾಡುವ ಮೇಷ್ಟ್ರು!

ಅವರು ನಿಧಾನವಾಗಿ ಹಪ್ಪಳ ಮುರಿದು ಬಾಯಿಗಿಟ್ಟುಕೊಂಡು ಹೇಳಿದರು, "ಕಾಂಟ್ರ್ಯಾಕ್ಟ್ ನಿನಗೆ ಅರ್ಥ ಆಗಿಲ್ಲ ಅಂತ ಗೊತ್ತಿತ್ತು ಕಣಯ್ಯ. ಊಟದ ಕಾಂಟ್ರ್ಯಾಕ್ಟು ಅಂತ ಅರ್ಥ ಮಾಡ್ಕೊಂಡಿದ್ದೀಯ ಅಂತ ಗೊತ್ತಿರಲಿಲ್ಲ."

ಹೊಸ ನಂಬರು

ನಾವು ಓದುತ್ತಿರುವಾಗಲೇ ಹಳೆಯ ದಂಡ ಸಂಹಿತೆ ಹೋಗಿ ಹೊಸ ನ್ಯಾಯ ಸಂಹಿತೆ ಬಂತು. ಬಾಯಿಪಾಠ ಮಾಡಿದ್ದ ಸೆಕ್ಷನ್‌ಗಳೆಲ್ಲ ಮನೆ ಬದಲಾಯಿಸಿದವು. ಈ ನೋವನ್ನು ಯಾರಿಗಾದರೂ ಹೇಳಿಕೊಳ್ಳಬೇಕಿತ್ತು. ಉದಯಗಿರಿಯಲ್ಲಿ ನನ್ನ ಹಳೇ ಸ್ಕೂಟರ್ ರಿಪೇರಿ ಮಾಡುವ ಮೆಕ್ಯಾನಿಕ್ ಸಿಕ್ಕಿದರು. ಬಿಡಿಭಾಗ ತರಿಸಿಕೊಡುತ್ತೇನೆಂದು ವಾರದಿಂದ ಆಟ ಆಡಿಸುತ್ತಿದ್ದ ಅಂಗಡಿಯವನನ್ನು ಅವರು "ಫೋರ್ ಟ್ವೆಂಟಿ ನನ್ಮಗ" ಅಂತ ಬೈಯುತ್ತಿದ್ದರು.

"ಈಗ ಹಂಗನ್ನೋ ಹಾಗಿಲ್ಲ. ಮೋಸಕ್ಕೆ ನಂಬರು ಬದಲಾಗಿದೆ, ತ್ರೀ ಎಯ್ಟೀನ್" ಅಂದೆ.

"ಹೌದಾ ಸಾರ್? ಗೌರ್ಮೆಂಟೇ ಹೇಳಿದ್ಮೇಲೆ ಮುಗೀತು" ಅಂತ ಅಲ್ಲೇ ಫೋನ್ ತೆಗೆದು ಅಂಗಡಿಯವನಿಗೆ ಹಚ್ಚಿದರು. ಆ ಕಡೆ ಹಲೋ ಅಂದದ್ದೇ ತಡ, ಬೀದಿಗೆಲ್ಲ ಕೇಳುವಂತೆ ಕೂಗಿದರು, "ಲೋ ತ್ರೀ ಎಯ್ಟೀನ್!"

ಆ ಕಡೆಯವನು "ರಾಂಗ್ ನಂಬರ್" ಅಂತ ಹೇಳಿ ಇಟ್ಟುಬಿಟ್ಟ.

ಕಳುವಾದ ಗಾಡಿ

ದೂರು ಹೇಗೆ ದಾಖಲಾಗುತ್ತದೆ ಅಂತ ತೋರಿಸಲು ನಮ್ಮ ಕ್ಲಾಸನ್ನು ಒಂದು ಪೊಲೀಸ್ ಠಾಣೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿನ ಇನ್ಸ್‌ಪೆಕ್ಟರು ಒಳ್ಳೆಯವರು. "ನೋಡಿದ್ರೆ ಏನು ಬಂತು? ಯಾರಾದ್ರೂ ಒಬ್ರು ದೂರು ಕೊಡಿ, ಪ್ರಾಕ್ಟೀಸ್ ಆಗಲಿ" ಅಂದರು. ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಉತ್ಸಾಹದಿಂದ ಮುಂದೆ ಹೋಗಿ ತನ್ನ ಸ್ಕೂಟರ್ ಕಳುವಾಗಿದೆ ಅಂದಳು. ಗಾಡಿ ನಂಬರ್ ಕೇಳಿದರು; ಸುಳ್ಳು ನಂಬರ್ ಥಟ್ಟನೆ ಹೊಳೆಯದೆ ತನ್ನದೇ ಕೊಟ್ಟಳು. ಫೋನ್ ನಂಬರೂ ತನ್ನದೇ ಬರೆಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದೆವು, ಟೀ ಕುಡಿದೆವು, ಬಂದೆವು.

ಊಟಕ್ಕೆ ಹೋಗಿದ್ದ ಒಬ್ಬ ಕಾನ್‌ಸ್ಟೇಬಲ್ ಮಾತ್ರ ವಾಪಸ್ ಬಂದು, ಮೇಜಿನ ಮೇಲಿದ್ದ ದೂರು ಓದಿ, ಶ್ರದ್ಧೆಯಿಂದ ಎಲ್ಲ ಕಡೆಗೂ ವೈರ್‌ಲೆಸ್‌ನಲ್ಲಿ ತಿಳಿಸಿಬಿಟ್ಟಿದ್ದರು.

ಮಾರನೇ ದಿನ ಶುಕ್ರವಾರ. ಹುಡುಗಿ ಅಜ್ಜಿಯನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟಿದ್ದಾಳೆ. ತಪ್ಪಲಿನಲ್ಲಿ ಪೊಲೀಸರು ಅಡ್ಡ ಹಾಕಿದರು.

"ಸಾರ್, ಇದು ನನ್ನದೇ ಗಾಡಿ."

"ಎಲ್ರೂ ಅದನ್ನೇ ಹೇಳೋದಮ್ಮ. ಇಳೀರಿ."

ಅಜ್ಜಿ ತೆಂಗಿನಕಾಯಿಯ ಚೀಲ ಎದೆಗವುಚಿಕೊಂಡು ಮೊಮ್ಮಗಳನ್ನೇ ಅನುಮಾನದಿಂದ ನೋಡತೊಡಗಿದರು. ಅಷ್ಟರಲ್ಲಿ ಹುಡುಗಿಯ ಫೋನ್ ರಿಂಗಾಯಿತು. ಠಾಣೆಯ ಅದೇ ಕಾನ್‌ಸ್ಟೇಬಲ್, ದನಿಯಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು.

"ಮೇಡಂ, ಗುಡ್ ನ್ಯೂಸ್! ನಿಮ್ಮ ಗಾಡಿ ಸಿಕ್ತು. ಕದ್ದೋಳೂ ಸಿಕ್ಕವ್ಳೆ. ಜೊತೇಲಿ ಒಂದು ಮುದುಕೀನೂ ಐತಂತೆ. ದೊಡ್ಡ ಗ್ಯಾಂಗೇ ಇರ್ಬೇಕು!"

ಅಮ್ಮನ ಸಾಕ್ಷಿ

ಇದು ಈ ವರ್ಷದ್ದು. ಕಾಲೇಜಿನಲ್ಲಿ ಅಣಕು ನ್ಯಾಯಾಲಯದ ಸ್ಪರ್ಧೆ. ಗೆದ್ದ ವಕೀಲರಿಗೆ ಬೆಳಗಾವಿಯ ದೊಡ್ಡ ಸ್ಪರ್ಧೆಗೆ ಹೋಗುವ ಅವಕಾಶ. ನಾನು ಸರ್ಕಾರಿ ವಕೀಲ. ಹಿಂದಿನ ಶುಕ್ರವಾರ ಸಂಜೆ ಆರೋಪಿಯು ಟೀಚರೊಬ್ಬರ ಕತ್ತಿನಿಂದ ಚಿನ್ನದ ಸರ ಕಿತ್ತುಕೊಂಡು ಓಡಿದ ಅಂತ ಮೇಷ್ಟ್ರು ಹೆಣೆದ ಕೇಸು. ಆರೋಪಿಯ ಪಾತ್ರಕ್ಕೆ ಇಲವಾಲದ ನನ್ನ ಜೀವದ ಗೆಳೆಯ. ಗಡ್ಡ ಬಿಟ್ಟಿದ್ದಾನೆ ಅನ್ನುವ ಒಂದೇ ಕಾರಣಕ್ಕೆ ಅವನನ್ನು ಆರಿಸಿದ್ದರು. ಜಡ್ಜ್ ಆಗಿ ಕೂತಿದ್ದವರು ನಿಜವಾದ ನಿವೃತ್ತ ನ್ಯಾಯಾಧೀಶರು.

ಗೆಳೆಯ ಮನೆಯಲ್ಲಿ "ಇವತ್ತು ಕೋರ್ಟಲ್ಲಿ ನಂದೇ ಮುಖ್ಯ" ಅಂತಷ್ಟೇ ಹೇಳಿ ಬಂದಿದ್ದ. ಮಗ ವಾದ ಮಾಡೋದನ್ನು ನೋಡಬೇಕು ಅಂತ ಅವರಮ್ಮ ರೇಷ್ಮೆ ಸೀರೆ ಉಟ್ಟು ಇಲವಾಲದಿಂದ ಬಸ್ಸು ಹತ್ತಿ ಬಂದುಬಿಟ್ಟರು. ಅವರು ಬಾಗಿಲಲ್ಲಿ ಕಾಲಿಡುವ ಹೊತ್ತಿಗೆ ಮಗ ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಾನೆ. ಅಕ್ಕಪಕ್ಕ ಖಾಕಿ ಹಾಕಿದ ಇಬ್ಬರು. ನಾನು ಬೆರಳು ತೋರಿಸಿ ಗುಡುಗುತ್ತಿದ್ದೇನೆ: "ಇಂಥವರು ಸಮಾಜಕ್ಕೆ ಕಂಟಕ, ಸ್ವಾಮಿ! ಶುಕ್ರವಾರ ಸಂಜೆ ಆ ಹೆಣ್ಣುಮಗಳ ಸರ ಕಿತ್ತವನು ಇವನೇ!"

"ಯಾವನ್ಲಾ ಅದು ಹೇಳಿದ್ದು?"

ಇಡೀ ಸಭಾಂಗಣ ತಿರುಗಿ ನೋಡಿತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುವಿನ ದಾರಿಯಲ್ಲಿ ಬರುತ್ತಿದ್ದರು. ಜಡ್ಜ್ ಕಡೆ ತಿರುಗಿ ಹೇಳಿದರು, "ಬುದ್ಧೀ, ನನ್ನ ಮಗ ಅಂಥೋನಲ್ಲ! ಶುಕ್ರವಾರ ಸಂಜೆ ಅವನು ಮನೇಲಿ ಕೂತ್ಕಂಡು ಅವರೆಕಾಯಿ ಸುಲೀತಿದ್ದ!"

ಗೆಳೆಯ "ಅಮ್ಮಾ, ಇದು ನಾಟ್ಕ..." ಅಂತ ಬಾಯಿ ತೆರೆದ. "ನೀ ಸುಮ್ಕಿರು, ನಾನ್ ಬಂದಿವ್ನಿ" ಅಂದರು ಅಮ್ಮ. ಮೇಷ್ಟ್ರು ಗಾಬರಿಯಾಗಿ ಎದ್ದರು. ಆದರೆ ಎದುರು ಪಕ್ಷದ ವಕೀಲೆ ಚುರುಕಿನ ಹುಡುಗಿ. "ಸ್ವಾಮಿ, ಇವರು ನಮ್ಮ ಸಾಕ್ಷಿ" ಅಂದೇಬಿಟ್ಟಳು. ಜಡ್ಜ್ ಸಾಹೇಬರು ನಗು ಅದುಮಿಕೊಂಡು ಕೈಸನ್ನೆ ಮಾಡಿದರು: ನಡೀಲಿ.

ಬೆಳಗಾವಿ ಕೈಬಿಟ್ಟು ಹೋಗುತ್ತಿರುವುದು ನನಗೆ ಕಣ್ಣಿಗೇ ಕಾಣುತ್ತಿತ್ತು. ಪಾಟೀಸವಾಲಿನಲ್ಲಿ ಸಾಕ್ಷಿಯನ್ನು ಕಟ್ಟಿಹಾಕಬೇಕು. ಎದೆ ಉಬ್ಬಿಸಿ ಕೇಳಿದೆ, "ನೀವು ಅವನ ತಾಯಿ, ಅವನ ಪರವಾಗೇ ಹೇಳ್ತೀರಿ. ಅವನು ಆವತ್ತು ಮನೇಲಿದ್ದ ಅನ್ನೋದಕ್ಕೆ ನೋಡಿದೋರು ಬೇರೆ ಯಾರಾದ್ರೂ ಇದ್ದಾರಾ?"

ಅಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕರಿ ಕೋಟಿನಲ್ಲಿ ಅಷ್ಟು ಹೊತ್ತು ಗುರುತು ಸಿಕ್ಕಿರಲಿಲ್ಲ ಅಂತ ಕಾಣುತ್ತದೆ.

"ಅಯ್ಯೋ ನೀನಾ! ನೀನೇ ಇದ್ದಲ್ಲೋ! ಎದುರಿಗೆ ಕೂತ್ಕಂಡು ಅವರೆಕಾಳು ಹಿದುಕಿದೋನು ಯಾರ್ಲಾ? ಬೇಳೆ ಸಾರು ಎರಡು ಸಲ ಹಾಕಿಸ್ಕಂಡು ಮುದ್ದೆ ನುಂಗ್ಬುಟ್ಟು, ಈಗ ನನ್ನ ಮಗನ್ನೇ ಜೈಲಿಗೆ ಹಾಕುಸ್ತೀಯಾ?"

ಸಭಾಂಗಣ ಹಾರಿಹೋಗುವ ಹಾಗೆ ನಗು. ಜಡ್ಜ್ ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಸರ್ಕಾರಿ ವಕೀಲರೇ, ಸಾಕ್ಷಿ ಹೇಳ್ತಿರೋದು ನಿಜವೇ?"

"ನಿಜ, ಸ್ವಾಮಿ."

"ಸಾರು ಹೇಗಿತ್ತು?"

"ಚೆನ್ನಾಗಿತ್ತು, ಸ್ವಾಮಿ."

"ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ" ಅಂತ ಸುತ್ತಿಗೆ ಕುಟ್ಟಿದರು.

ಬೆಳಗಾವಿಗೆ ಆ ಚುರುಕಿನ ಹುಡುಗಿ ಹೋದಳು. ಇದು ಬರೀ ಓದಿನ ಆಟ, ಯಾರ ಸರವೂ ಹೋಗಿಲ್ಲ ಅಂತ ಮೇಷ್ಟ್ರು ಅಮ್ಮನಿಗೆ ತುಂಬ ಹೊತ್ತು ವಿವರಿಸಿದರು. ಅಮ್ಮ ಎಲ್ಲದಕ್ಕೂ ತಲೆಯಾಡಿಸಿ, ಜಡ್ಜ್‌ಗೆ ಕೈಮುಗಿದು, ಮಗನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋದರು. ತಪ್ಪಾಯಿತು ಅಂತ ಹೇಳೋಣ ಎಂದು ನಾನೂ ಹಿಂದೆಯೇ ಹೋದೆ. ಕಂಬದ ಮರೆಯಲ್ಲಿ ಅವರು ಆ ಕಡೆ ಈ ಕಡೆ ನೋಡಿ, ಮಗನ ಕಿವಿಗೆ ಬಾಯಿಟ್ಟು ಕೇಳುತ್ತಿದ್ದರು:

"ಈಗ ಯಾರೂ ಇಲ್ಲ ಕಣೋ, ನಿಜ ಹೇಳು. ಆವತ್ತು ನಿನ್ನ ಗೆಳೆಯನ್ನ ಬಸ್ಸು ಹತ್ತಿಸ್ಬುಟ್ಟು ಬರಕ್ಕೆ ಅಷ್ಟೊತ್ತು ಯಾಕಾಯ್ತು? ಸರ ಎಲ್ಲಿ ಮಡಗಿದ್ದೀಯ?"