ಹಳೆ ಪೈಥಾನಿಗೂ ಹೊಸ ಪೈಥಾನಿಗೂ ನಡುವೆ ನಾನು

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಆಫೀಸಿದೆ. ಮಿಲ್ಲು, ಹೊಲಿಗೆ ಯೂನಿಟ್ಟು, ಸಂಘ-ಗಿಂಘ ಎಂದು ಸುತ್ತಲಿನವರಿಗೆ ಪ್ರೋಗ್ರಾಂ ಬರೆದುಕೊಡುವುದು ನನ್ನ ಕಸುಬು. ಎಲ್ಲವನ್ನೂ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಎರಡನೇ ಆವೃತ್ತಿಯಲ್ಲಿ ಬರೆದು ಕೈತೊಳೆದುಕೊಂಡೆ ಎಂದುಕೊಂಡಿದ್ದೆ. ಭಾಷೆ ಮೂರನೆಯದಕ್ಕೆ ಹೋಯಿತು. ಗಿರಾಕಿಗಳಲ್ಲಿ ಅರ್ಧ ಜನ ಹೊಸ ಕಂಪ್ಯೂಟರ್ ತಂದರು. ಉಳಿದರ್ಧ ಜನ "ಇದಕ್ಕೇನಾಗೈತಿ ಧಾಡಿ" ಎಂದು ಹಳೆಯದನ್ನೇ ಒರೆಸಿ ಇಟ್ಟುಕೊಂಡರು. ಈಗ ನಾನು ಬರೆದದ್ದು ಎರಡರಲ್ಲೂ ಓಡಬೇಕು. ಓಡದಿದ್ದರೆ ಎಲ್ಲರದೂ ಒಂದೇ ಬೆದರಿಕೆ: "ಬ್ಯಾಡ ಬಿಡ್ರಿ ಮೇಡಂ, ನಾವು ನಮ್ಮ ಕೈಬರಹದ ನೋಟ್‌ಬುಕ್ಕಿಗೇ ಹೊಕ್ಕೀವಿ." ನನ್ನ ಅನ್ನದ ಮೇಲೆಯೇ ಕಣ್ಣಿಟ್ಟಿರುವ ನೋಟ್‌ಬುಕ್ಕು ಅದು. ಹಾಗಾಗಿ ನಾನು ಬಹಳ ಹುಷಾರು. ಆದರೂ ತಿಂಗಳಿಗೊಂದು ಪ್ರಸಂಗ ನಡೆದೇ ನಡೆಯುತ್ತದೆ.

ಅರ್ಧ ಪ್ಯಾಂಟು

ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ, ಕತ್ತರಿಸಿದ ಬಟ್ಟೆಯನ್ನು ಟೈಲರುಗಳಿಗೆ ಸಮನಾಗಿ ಹಂಚುವ ಚೀಟಿಯನ್ನು ನನ್ನ ಪ್ರೋಗ್ರಾಂ ಕೊಡುತ್ತಿತ್ತು. ಏಳನ್ನು ಇಬ್ಬರಿಗೆ ಹಂಚು ಅಂದರೆ ಹಳೆ ಪೈಥಾನ್ ತಲೆಗೆ ಮೂರು ಎಂದು ಹೇಳಿ, ಉಳಿದೊಂದನ್ನು ನುಂಗಿಕೊಂಡು ಸುಮ್ಮನಿರುತ್ತಿತ್ತು. ಹೊಸದು ಭಾರಿ ಪ್ರಾಮಾಣಿಕ, ಮೂರೂವರೆ ಎನ್ನುತ್ತದೆ. ಅದನ್ನು ತಿದ್ದುವುದನ್ನು ನಾನು ಮರೆತಿದ್ದೆ.

ಮಾಲೀಕರ ಫೋನ್ ಬಂತು. "ಮೇಡಂ, ಒಬ್ಬೊಬ್ಬರಿಗೆ ಹದಿನೇಳೂವರೆ ಪ್ಯಾಂಟ್ ಅಂತ ಬಂದೈತ್ರಿ."

"ಆ ಅರ್ಧ ಬಿಟ್ಟುಬಿಡ್ರಿ," ಅಂದೆ.

"ಹೆಂಗ ಬಿಡ್ಲಿ? ಕಟಿಂಗ್ ಮಾಸ್ಟರ್ ಆಗಲೇ ಹಂಚ್ಯಾನ. ಒಬ್ಬಾಕಿ ಎಡಗಾಲು ಹೊಲಿಯಾಕತ್ಯಾಳ, ಇನ್ನೊಬ್ಬಾಕಿ ಬಲಗಾಲು."

ಓಡಿಹೋಗಿ ನೋಡಿದೆ. ಒಂದು ಕಾಲಿಗೆ ಕೆಂಪು ದಾರ, ಇನ್ನೊಂದಕ್ಕೆ ಹಳದಿ. ಮಾಸ್ಟರನ್ನು ಕೇಳಿದರೆ, "ಕಂಪ್ಯೂಟರ್ ಹೇಳೈತಂದ್ರ ಏನೋ ಹೊಸಾ ಫ್ಯಾಷನ್ ಇರಬೇಕಂದ್ಕೊಂಡೆ" ಅಂದ. ತಲೆ ಚಚ್ಚಿಕೊಂಡು ಮನೆಗೆ ಬಂದು ಪ್ರೋಗ್ರಾಂ ತಿದ್ದಲು ಕೂತೆ. ಸಂಜೆಗೆ ಮಾಲೀಕರು ಮತ್ತೆ ಫೋನ್ ಮಾಡಿದರು.

"ಮೇಡಂ, ತಿದ್ದಬ್ಯಾಡ್ರಿ! ಅಂಥಾವು ಐವತ್ತು ಡಜನ್ ಬೇಕಂತ ಪಾರ್ಟಿ ಬಂದು ಕುಂತೈತಿ."

ಚೀಲಗಳ ಸಂತಾನ

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ದಿನಾ ಮೂರು ಲಾರಿ ಭತ್ತ ಬರುತ್ತದೆ. ಲಾರಿಗೆ ಎಷ್ಟು ಚೀಲ ಎಂದು ಗುಮಾಸ್ತರು ಟೈಪ್ ಮಾಡಿದರೆ ಪ್ರೋಗ್ರಾಂ ಅದನ್ನು ಮೂರರಿಂದ ಗುಣಿಸಬೇಕು. ಹೊಸ ಪೈಥಾನಿಗೆ ಇದು ಸಂಖ್ಯೆ ಎಂದು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಅದು ಅಕ್ಷರ ಎಂದುಕೊಂಡು ಮೂರು ಸಲ ಬರೆದುಬಿಡುತ್ತದೆ. ನಾನು ಹೇಳಿರಲಿಲ್ಲ. ಗುಮಾಸ್ತರು ೨೫೦ ಒತ್ತಿದರು. ೨೫೦೨೫೦೨೫೦ ಬಂತು. ಇಪ್ಪತ್ತೈದು ಕೋಟಿ ಚಿಲ್ಲರೆ ಚೀಲ!

ಆ ಪುಣ್ಯಾತ್ಮರು ಸಿಟ್ಟಾಗಲಿಲ್ಲ. ನಿಧಾನವಾಗಿ ಫೋನ್ ಮಾಡಿ ಕೇಳಿದರು: "ಅಮ್ಮಾ, ಗೋಡೌನು ಹಚ್ಚೊಳ್ಳಿ ಊರಿನ ತನಕ ಕಟ್ಟಿಸಿದ್ರ ಸಾಕೇನು? ರಾರಾವಿ ಕಡೆ ಕಟ್ಟಾಕ ಹೊಳಿ ಅಡ್ಡ ಬರ್ತೈತಿ."

ಎಲ್ಲರಿಗಿಂತ ಹಿರಿಯರು

ಇವೆರಡರಿಂದಲೂ ಹೇಗೋ ಪಾರಾದೆ. ಕುರುಗೋಡಿನದು ಮಾತ್ರ ನನ್ನ ಅನ್ನಕ್ಕೇ ಸಂಚಕಾರ ತಂದಿತ್ತು.

ಅಲ್ಲೊಂದು ಹಿರಿಯರ ಸಂಘವಿದೆ. ವರ್ಷಕ್ಕೊಮ್ಮೆ ಸದಸ್ಯರಿಗೆಲ್ಲ ಶಾಲು ಹೊದಿಸುತ್ತಾರೆ. ಎಲ್ಲರಿಗಿಂತ ಹಿರಿಯರು ನಡುವಿನ ಎತ್ತರದ ಕುರ್ಚಿಯಲ್ಲಿ ಕೂರಬೇಕು, ಉಳಿದವರು ಅವರ ಕಾಲಿಗೆ ಬಿದ್ದೇ ಶಾಲು ತೆಗೆದುಕೊಳ್ಳಬೇಕು ಎಂಬುದು ಅಲ್ಲಿನ ಪದ್ಧತಿ. ವಯಸ್ಸಿನ ಪ್ರಕಾರ ಪಟ್ಟಿ ಮಾಡಿಕೊಡುವುದು ನನ್ನ ಪ್ರೋಗ್ರಾಂ. ನಾಲ್ಕು ವರ್ಷದಿಂದ ಮೊದಲ ಹೆಸರು ಬಾದನಹಟ್ಟಿಯ ಒಬ್ಬ ಅಜ್ಜನದೇ.

ಈ ವರ್ಷ ಸಂಘಕ್ಕೆ ಹೊಸ ಕಂಪ್ಯೂಟರ್ ಬಂದಿತ್ತು, ಅದರ ಮುಂದೆ ನಾನೇ ಕೂತಿದ್ದೆ. ಸಭೆ ತುಂಬಿದೆ, ಶಾಲು ಬಂದಿವೆ, ಪಟ್ಟಿ ಬರುತ್ತಿಲ್ಲ. ಅಧ್ಯಕ್ಷರು ಮೈಕಿನಲ್ಲೇ ಹೇಳಿದರು: "ತಂಗಿ, ಐದು ನಿಮಿಷ ನೋಡ್ತೀವಿ. ಬರಲಿಲ್ಲಂದ್ರ ಮುಂದಿನ ವರ್ಷದಿಂದ ಹಾಳ್ಯಾಗ ಬರಕೊಂತೀವಿ." ನಾನು ತಪ್ಪು ಹುಡುಕಲು ಶುರುಮಾಡಿದೆ.

ಹುಡುಕಿದರೆ, ಬಾದನಹಟ್ಟಿ ಅಜ್ಜನ ವಯಸ್ಸಿನ ಜಾಗದಲ್ಲಿ 'ಗೊತ್ತಿಲ್ಲ' ಎಂದಿದೆ! ಹಳೆ ಪೈಥಾನಿನಲ್ಲಿ ಅಕ್ಷರ ಯಾವಾಗಲೂ ಸಂಖ್ಯೆಗಿಂತ ದೊಡ್ಡದು. ಅದಕ್ಕೇ ಅಜ್ಜ ಇಷ್ಟು ವರ್ಷ ಎಲ್ಲರಿಗಿಂತ ಹಿರಿಯರಾಗಿದ್ದರು. ಹೊಸದು ಮಾತ್ರ 'ತೊಂಬತ್ತು' ಮತ್ತು 'ಗೊತ್ತಿಲ್ಲ' ಇವೆರಡನ್ನು ಹೋಲಿಸಲು ನನ್ನಿಂದಾಗದು ಎಂದು ಮುಷ್ಕರ ಹೂಡಿತ್ತು.

"ಅಜ್ಜಾರ, ನಿಮ್ಮ ವಯಸ್ಸೆಷ್ಟ್ರಿ?" ಎಂದು ಕೇಳಿದೆ.

"ಗೊತ್ತಿಲ್ಲಂತ ಬರಿಸೀನಲ್ಲವ್ವಾ."

"ಆಧಾರ್ ಕಾರ್ಡ್ ಐತೇನ್ರಿ?"

ಅಜ್ಜ ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡು, "ಮನ್ಯಾಗೈತಿ" ಅಂದರು.

ಸಭೆ ನೋಡಲು ಬಂದಿದ್ದ ಹೆಂಗಸರ ಸಾಲಿನಿಂದ ಅವರ ಹೆಂಡತಿ ಎದ್ದು ನಿಂತರು. "ಯವ್ವಾ, ನಂಗ ಅರವತ್ತೆಂಟು. ಇವ್ರು ನನಗಿಂತ ನಾಕ ವರ್ಷ ದೊಡ್ಡೋರು. ಎಪ್ಪತ್ತೆರಡು ಹಾಕ್ಕೋ. ಮೆರದಿದ್ದು ಸಾಕು!"

ಎಪ್ಪತ್ತೆರಡು ಒತ್ತಿದೆ. ಪಟ್ಟಿ ಫಟ್ಟನೆ ಬಂತು, ನನ್ನ ಜೀವವೂ ಬಂತು. ಮೊದಲ ಹೆಸರು, ಇಷ್ಟು ವರ್ಷ ಎರಡನೆಯವರಾಗಿದ್ದ ತೊಂಬತ್ತರ ಅಜ್ಜನದು. ಬಾದನಹಟ್ಟಿ ಅಜ್ಜನದು ಕಟ್ಟಕಡೆಗೆ. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು.

ತೊಂಬತ್ತರ ಅಜ್ಜ ಮಾತ್ರ ನಗಲಿಲ್ಲ. ಗಂಭೀರವಾಗಿ ಹೋಗಿ ಎತ್ತರದ ಕುರ್ಚಿಯಲ್ಲಿ ಕೂತು, ಪಂಚೆ ಸರಿಮಾಡಿಕೊಂಡು ಕರೆದರು. "ಲೇ ತಮ್ಮಾ, ಬಾ ಇಲ್ಲಿ. ಅಣ್ಣಾರ ಅಂತ ನಾಕ ವರ್ಷ ನಿನ್ನ ಕಾಲಿಗೆ ಬಿದ್ದೀನಿ. ಅವಷ್ಟೂ ವಾಪಸ್ ಮಾಡು."

ಬಾದನಹಟ್ಟಿ ಅಜ್ಜ ಬಗ್ಗಿದರು, ಎದ್ದರು, ಮತ್ತೆ ಬಗ್ಗಿದರು. ಹೆಂಡತಿ ಜೋರಾಗಿ ಎಣಿಸುತ್ತಿದ್ದರು. ನಾಲ್ಕು ಮುಗಿಯಿತು ಎನ್ನುವಷ್ಟರಲ್ಲಿ ಕುರ್ಚಿಯಿಂದ ಪ್ರಶ್ನೆ ಬಂತು: "ಈ ವರ್ಷದ್ದು?"

ಐದನೆಯದೂ ಆಯಿತು. ಅಜ್ಜ ನನ್ನ ಟೇಬಲ್ಲು ಹಿಡಿದುಕೊಂಡು ಕಷ್ಟಪಟ್ಟು ಎದ್ದು, ಸೊಂಟದ ಮೇಲೆ ಕೈಯಿಟ್ಟು, ಏದುಸಿರು ಬಿಡುತ್ತ ನನ್ನ ಕಡೆ ತಿರುಗಿದರು.

"ಈಗ ನೋಡವ್ವಾ, ಖರೇನ ತೊಂಬತ್ತೈದಾತು. ಬರ್ಕೋ."