ಬಾಲ್ಕನಿ ಕೆಳಗೆ ನಿಂತವನು

ವಸಂತಾ: ರೀ, ಕಾದಂಬರಿ ಓದಿ ಯಾರಾದ್ರೂ ಬಾಲ್ಕನಿಗೆ ಬೀಗ ಹಾಕ್ತಾರಾ? ಒಗೆದ ಬಟ್ಟೆ ಎಲ್ಲಿ ಒಣಹಾಕ್ಲಿ?

ಹಯವದನ: ಭೂತದ ಕಾದಂಬರಿ ಅಂದ್ರೆ ಅದು ಕಣೇ! ನೀನೂ ಓದು, ಆಮೇಲೆ ಬಟ್ಟೆ ವಿಚಾರ ಮಾತಾಡು.

ಬಂಗಾಳದ ಬಾಲಿಗಂಜಿನ ಫ್ಲ್ಯಾಟಿನಲ್ಲಿ ಬೆಳಗಿನಿಂದ ಇದೇ ರಾಮಾಯಣ. ರೈಲ್ವೆ ಅಧಿಕಾರಿ ಹಯವದನನಿಗೆ ಪ್ರಮೋಷನ್ನಿನ ಆಸೆ ಸತ್ತು ಎಷ್ಟೋ ಕಾಲವಾಗಿತ್ತು. ಉಳಿದಿದ್ದ ಆಸೆ ಒಂದೇ: ಕನ್ನಡ ಸಂಘದ ಪುಸ್ತಕದ ಕಪಾಟಿನ ಕೀಲಿ. ಹನ್ನೊಂದು ವರ್ಷದಿಂದ ಅದು ಅಧ್ಯಕ್ಷ ನರಸಿಂಹಮೂರ್ತಿಯವರ ಜುಬ್ಬದ ಜೇಬು ಬಿಟ್ಟು ಕದಲಿರಲಿಲ್ಲ. ಅವರೀಗ ಒಂದು ಪ್ರೇಮ ಕಾದಂಬರಿ ಬರೆದಿದ್ದರು. ಅಭಿಪ್ರಾಯ ಕೇಳಲು ಹೆಂಡತಿ ಸಮೇತ ಐದಕ್ಕೆ ಬರುವವರಿದ್ದರು. ಅಭಿಪ್ರಾಯ ಹಿಡಿಸಿದರೆ ಕೀಲಿ ಕೈ ಬದಲಾಗುವ ಸೂಚನೆಯೂ ಇತ್ತು.

ಆ ಪುಸ್ತಕದ ಜೊತೆಗೆ ಯಾರೋ ಹೊಸಬರ ಭೂತದ ಕಾದಂಬರಿಯೂ ಸಂಘದಿಂದ ಬಂದಿತ್ತು. ಗಂಡ ಸಾಸಿವೆ ಎಣ್ಣೆ ಕಲಸಿದ ಮಂಡಕ್ಕಿ ತಿಂದ ಕೈಯಲ್ಲೇ ಪುಟ ತಿರುಗಿಸುವವನು. ಹಾಗಾಗಿ ವಸಂತಾ ಎರಡಕ್ಕೂ ಬಂಗಾಳಿ ಪತ್ರಿಕೆಯ ಬೈಂಡ್ ಹಾಕಿ, ಶಾಲೆಯ ಪುಸ್ತಕಕ್ಕೆ ಅಂಟಿಸುವ ಹಾಗೆ ಚೀಟಿ ಅಂಟಿಸಿದ್ದಳು. ಒಂದಕ್ಕೆ ‘ಪ್ರೇಮ’, ಇನ್ನೊಂದಕ್ಕೆ ‘ಭೂತ’.

ವಸಂತಾ: ಅಧ್ಯಕ್ಷರ ಪ್ರೇಮಕ್ಕೆ ಏನು ಹೇಳ್ತೀರಿ, ಅದು ಹೇಳಿ.

ಹಯವದನ: ಅದ್ಭುತ ಅಂತೀನಿ. ದಿನಾ ಸಾಯಂಕಾಲ ಒಬ್ಬಳು ಬಂದು ಅವನ ಎದುರು ಕುರ್ಚೀಲಿ ಕೂತ್ಕೋತಾಳೆ. ಇವನು ಹೇಳಿದ್ದೆಲ್ಲ ಕೇಳ್ತಾಳೆ. ಒಂದು ಎದುರುತ್ತರ ಇಲ್ಲ. ಎಂಥಾ ಹೆಣ್ಣು!

ವಸಂತಾ: ಊಟ ತಿಂಡಿ?

ಹಯವದನ: ಮುಟ್ಟೋದೇ ಇಲ್ಲ.

ವಸಂತಾ: ಕಾಲು?

ಹಯವದನ: ಪಾದ ಹಿಂದುಮುಂದು ಅಂತ ಒಂದು ಕಡೆ ಬರುತ್ತೆ. ನಾಚಿಕೆಗೆ ತಿರುಗಿ ನಿಂತಿರ್ತಾಳೆ ಅಂದ್ಕೊಂಡೆ.

ವಸಂತಾ: ಸರಿ. ಆ ಭೂತ ಏನು ಮಾಡುತ್ತೆ?

ಹಯವದನ: ಅಯ್ಯೋ, ಬಿಡೋದೇ ಇಲ್ಲ! ಹುಡುಗಿ ಟ್ರಾಮ್ ಹತ್ತಿದ್ರೆ ತಾನೂ ಹತ್ತುತ್ತೆ. ಗಾರ್ಡನ್ ರೀಚಿನ ಸೋದರಮಾವನ ಮನೆಗೆ ಓಡಿಹೋದ್ರೆ ಅಲ್ಲೂ ಹಾಜರು. ಬೇಡ ಅಂದಷ್ಟೂ ನಗುತ್ತೆ. ನಲವತ್ತು ದಿನ ಬಾಲ್ಕನಿ ಕೆಳಗೆ ನಿಂತು ಮೇಲೇ ನೋಡುತ್ತೆ. ಕೊನೇ ಪುಟದಲ್ಲಿ ಅವಳು ನಡುಗ್ತಾ ‘ಆಯ್ತು’ ಅಂತಾಳೆ. ಪಾಪ, ಆಮೇಲೆ ಬದುಕಿರಲಾರಳು.

ವಸಂತಾ ‘ಭೂತ’ ಚೀಟಿಯ ಪುಸ್ತಕದ ಬೈಂಡ್ ಬಿಚ್ಚಿದಳು. ಒಳಗೆ ಎರಡು ಗುಲಾಬಿ ಹೂವಿನ ಚಿತ್ರ, ಕೆಳಗೆ ಚಿನ್ನದ ಅಕ್ಷರದಲ್ಲಿ ನರಸಿಂಹಮೂರ್ತಿಯವರ ಹೆಸರು.

ವಸಂತಾ: ಚೀಟಿ ಅದಲುಬದಲಾಗಿದೆ ರೀ. ನೀವು ಮನಸೋತಿದ್ದು ದೆವ್ವಕ್ಕೆ. ಹೆದರಿದ್ದು ನಮ್ಮ ಅಧ್ಯಕ್ಷರಿಗೆ. ಮೊದಲ ಪುಟ ನೋಡಬಾರದಿತ್ತಾ?

ಹಯವದನ: ಅಲ್ಲಿ ಕೃತಜ್ಞತೆ ಇರುತ್ತೆ ಅಂತ ನಾನು ಯಾವತ್ತೂ ತೆರೆಯೋದಿಲ್ಲ.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಅಧ್ಯಕ್ಷರು ಸೋಫಾ ತುಂಬ ಕೂತರು. ಪಕ್ಕದಲ್ಲಿ ಉಳಿದ ಜಾಗದಲ್ಲಿ ಅವರ ಹೆಂಡತಿ ಮಹಾಲಕ್ಷ್ಮಿ ಕೂತು ಸಂದೇಶ್ ಸಿಹಿ ತಿನ್ನತೊಡಗಿದರು.

ನರಸಿಂಹಮೂರ್ತಿ: ಹೇಳಿ ಹಯವದನ, ಬಾಲ್ಕನಿ ದೃಶ್ಯ ಹೇಗಿತ್ತು?

ಹಯವದನ: ಮೈ ಜುಂ ಅಂತು ಸಾರ್.

ನರಸಿಂಹಮೂರ್ತಿ: ಭೇಷ್! ನಿದ್ದೆ ಬರಲಿಲ್ಲ ತಾನೆ?

ಹಯವದನ: ಬೀಗ ಹಾಕಿದ ಮೇಲೂ ಬರಲಿಲ್ಲ.

ನರಸಿಂಹಮೂರ್ತಿ: ಬೀಗ ಯಾಕೆ?

ವಸಂತಾ ಕಣ್ಸನ್ನೆ ಮಾಡಿದಳು. ಆದರೆ ಹಯವದನ ಆಫೀಸಿನಲ್ಲಿ ಎಷ್ಟು ಸುಳ್ಳಾದರೂ ಹೇಳಿಯಾನು, ಪುಸ್ತಕದ ವಿಷಯದಲ್ಲಿ ಅವನಿಗದು ಬರುತ್ತಿರಲಿಲ್ಲ. ಕೀಲಿಯ ಆಸೆಗೆ ಎಳ್ಳುನೀರು ಬಿಟ್ಟ.

ಹಯವದನ: ಸಾರ್, ಅದನ್ನ ಭೂತದ ಕಾದಂಬರಿ ಅಂದ್ಕೊಂಡು ಓದಿದೆ. ತುಂಬಾ ಹೆದರಿದೆ.

ನರಸಿಂಹಮೂರ್ತಿ: ಭೂತವೇ! ಅದು ನನ್ನ ಸ್ವಂತ ಕಥೆ ಕಣ್ರೀ! ಈ ಮಹಾಲಕ್ಷ್ಮೀನ ಒಲಿಸ್ಕೊಂಡ ಕಥೆ! ಒಂದಕ್ಷರ ಕಟ್ಟಿದ್ದಲ್ಲ!

ಮಹಾಲಕ್ಷ್ಮಿ ತಟ್ಟೆ ಕೆಳಗಿಟ್ಟರು. ಗಂಡನ ಜುಬ್ಬದ ಜೇಬಿಗೆ ಕೈ ಹಾಕಿ ಕೀಲಿ ತೆಗೆದು ಹಯವದನನ ಮುಂದೆ ಹಿಡಿದರು.

ಮಹಾಲಕ್ಷ್ಮಿ: ತಗೊಳ್ಳಿ. ಮದುವೆಯಾದ ಮೂವತ್ತು ವರ್ಷದಲ್ಲಿ ಆ ಕಥೇನ ಸರಿಯಾಗಿ ಓದಿದವರು ನೀವೊಬ್ಬರೇ.