ಅಂಗಾಲು ತಪಾಸಣೆ

ಮನುಷ್ಯ ಹೊತ್ತು ಸಿಕ್ಕಾಗಲೆಲ್ಲ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಾನೆ. ಇಡೀ ಮೈ ಹೊತ್ತು ತಿರುಗುವ ಅಂಗಾಲು ಮಾತ್ರ ಅವನಿಗೆ ನೆನಪಾಗುವುದು ಮುಳ್ಳು ಚುಚ್ಚಿದಾಗ. ನನ್ನಂಥ ಸಕ್ಕರೆ ಕಾಯಿಲೆಯವನಿಗೆ ಆಗಲೂ ನೆನಪಾಗುವುದಿಲ್ಲ. ನಾನು ಆಳಂದದ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಸೋಮವಾರ ಬೆಳಿಗ್ಗೆ ಹುಡುಗರನ್ನು ಸಾಲಾಗಿ ನಿಲ್ಲಿಸಿ ಉಗುರು ನೋಡುತ್ತಿದ್ದೆ. ನಿವೃತ್ತನಾದ ಮೇಲೂ ನನ್ನ ಏಳುವುದು, ಉಣ್ಣುವುದು, ನಡೆಯುವುದು ಎಲ್ಲಕ್ಕೂ ಗಂಟೆ ಬಾರಿಸಿದಂತೆ ವೇಳೆ ಉಂಟು. ಹೀಗಾಗಿ ಪಾದದಲ್ಲಿ ಸ್ಪರ್ಶ ಕಡಿಮೆಯಾದಾಗ, ಇಷ್ಟು ವರ್ಷ ಮೈದಾನದಲ್ಲಿ ಓಡಿ ಕಾಲು ಗಟ್ಟಿಯಾಗಿದೆ ಎಂದು ಒಳಗೊಳಗೇ ಬೀಗಿದೆ.

ಡಾಕ್ಟರು ನನ್ನ ಬೀಗುವಿಕೆಗೆ ಬೇರೆಯೇ ಹೆಸರು ಹೇಳಿದರು: ಸಕ್ಕರೆಯಿಂದ ನರ ಸೋತಿವೆ. ದಿನಾ ಪಾದ ನೋಡಿಕೊಳ್ಳಬೇಕು, ತೊಳೆದು ಬೆರಳ ಸಂದಿಯನ್ನೂ ಒರೆಸಬೇಕು, ಬರಿಗಾಲಲ್ಲಿ ಓಡಾಡಲೇಬಾರದು ಎಂದರು. ಶಿಸ್ತಿನ ಮಾತೆಂದರೆ ನನಗೆ ಹಬ್ಬ. ಮರುದಿನವೇ ಶುರು ಮಾಡಿದೆ. ಆದರೆ ಮೊಣಕಾಲು ಮಡಿಚದು, ಹೊಟ್ಟೆ ಬಿಡದು. ಗಡ್ಡ ಹೆರೆಯುವ ಕನ್ನಡಿಯನ್ನು ನೆಲಕ್ಕಿಟ್ಟು ಬಗ್ಗಿದರೆ ಚಷ್ಮಾ ಜಾರಿ ಬಿತ್ತು. ಅದನ್ನು ಹುಡುಕುತ್ತಿದ್ದಾಗ ಹೆಂಡತಿ ಶಾಂತವ್ವ ಬಂದಳು.

“ಸಾಕು ಬಿಡ್ರಿ ನಿಮ್ಮ ಕಸರತ್ತು. ಕಾಲ್ ಇಲ್ಲಿ ಕೊಡ್ರಿ, ನಾ ನೋಡ್ತೇನಿ.”

“ಹೆಂಡತಿ ಮಡಿಲಾಗ ಕಾಲ್ ಇಡೂದು ಚಂದ ಕಾಣತೈತೇನ?”

“ಕಾಲ್ ಹ್ವಾದ ಮ್ಯಾಲೆ ಭಾಳ ಚಂದ ಕಾಣಸ್ತೀರಿ ಬಿಡ್ರಿ.”

ಅಂದಿನಿಂದ ತಪಾಸಣೆ ಅವಳದಾಯಿತು. ಚಪ್ಪಲಿಯನ್ನೂ ಬಿಡುವುದಿಲ್ಲ, ಒಳಗೆ ಕೈಯಾಡಿಸಿ, ಕೊಡವಿದ ಮೇಲೆಯೇ ನನ್ನ ಮುಂದಿಡುತ್ತಾಳೆ.

ಹೋದ ವರ್ಷ ಇಜೇರಿಯಲ್ಲಿ ಅವಳ ತಮ್ಮ ಮಲ್ಲಪ್ಪನ ಹೊಲದಲ್ಲಿ ತೊಗರಿ ರಾಶಿ ಇತ್ತು. ಈಗ ಒಕ್ಕುವುದು ಮಷೀನಾದರೂ ನಮ್ಮ ಕಡೆ ರಾಶಿಯ ಕಣಕ್ಕೆ ಚಪ್ಪಲಿ ಮೆಟ್ಟಿ ಯಾರೂ ಕಾಲಿಡುವುದಿಲ್ಲ. ಕಾಳು ಲಕ್ಷ್ಮಿ. ಶಾಂತವ್ವ ಹೆಂಗಸರೊಡನೆ ಬುತ್ತಿ ಬಿಚ್ಚುತ್ತಿದ್ದಳು. ನಾನು ಶಿಸ್ತಿನ ಮನುಷ್ಯ. ಬದುವಿನಲ್ಲಿ ಚಪ್ಪಲಿ ಬಿಟ್ಟು, ತೊಗರಿ ಕೊಯ್ದು ಉಳಿದ ಚೂಪು ಕೂಳೆಗಳ ನಡುವೆ ನಡೆದು ಕಣ ಸೇರಿ ರಾಶಿಗೆ ಕೈ ಮುಗಿದೆ. ಎಲ್ಲರೂ ಕಾಲು ಎತ್ತೆತ್ತಿ ಇಡುತ್ತಿದ್ದರೆ ನಾನು ಕವಾಯತಿನಂತೆ ನಡೆದೆ. “ಮಾಮಾ ಇನ್ನೂ ಗಟ್ಟಿ ಅದಾರ ನೋಡ್ರಿ,” ಎಂದ ಮಲ್ಲಪ್ಪ. ನಾನು ಎದೆಯನ್ನು ಇನ್ನಷ್ಟು ಮುಂದೆ ತಂದೆ.

ಶಾಂತವ್ವ ಮಾತ್ರ ನನ್ನ ಮುಖ ನೋಡಲಿಲ್ಲ. ಹಾಸಿದ ತಾಡಪತ್ರಿಯ ಮೇಲೆ ನಾನು ಬಿಟ್ಟು ಬಂದ ಕೆಂಪು ಗುರುತು ನೋಡಿದಳು.

“ಚೀಲದ ಮ್ಯಾಲೆ ಕೂಡ್ರಿ. ಕಾಲ್ ಎತ್ತರಿ.”

ಅಂಗಾಲಿನಲ್ಲಿ ಕೂಳೆಯ ಚೂರು ಆಳಕ್ಕೆ ಹೊಕ್ಕಿತ್ತು.

“ಮಾಮಾ, ನಿಮಗ ಗೊತ್ತಾಗ್ಲಿಲ್ಲೇನ್ರಿ?” ಮಲ್ಲಪ್ಪನ ದನಿ ಇಳಿದಿತ್ತು. ನಾನು ಇಲ್ಲವೆಂದು ತಲೆಯಾಡಿಸಿದೆ. ಹೆದರಿಕೆ ನನಗೆ ಆಗ ಬಂತು. ನೋವಾಗಿದ್ದಕ್ಕಲ್ಲ, ಆಗದೇ ಇದ್ದುದಕ್ಕೆ. ಪಕ್ಕದ ಹೊಲದವರ ಮನೆಯಲ್ಲಿ ಇಂಥದೇ ಒಂದು ಗಾಯಕ್ಕೆ ಪಾದವೇ ಹೋಗಿತ್ತು.

“ಅರಿಶಿಣ ಎಣ್ಣಿ ಕಾಸಿ ಹಾಕಿದ್ರ ಆತಕ್ಕಾ,” ಎಂದ ಮಲ್ಲಪ್ಪ.

“ಬಿಸಿ ಎಣ್ಣಿ ಹಾಕಿದ್ರೂ ಇವರಿಗೆ ಗೊತ್ತಾಗೂದಿಲ್ಲೋ, ಸುಟ್ಟು ಬೊಬ್ಬಿ ಏಳತೈತಿ. ನೀ ಗಾಡಿ ತೆಗಿ.”

ಕುಡಿಯುವ ನೀರಿನಿಂದ ತೊಳೆದು, ರಾಶಿ ಪೂಜೆಗೆ ತಂದಿದ್ದ ಹೊಸ ಬಿಳಿ ಬಟ್ಟೆಯನ್ನು ಹರಿದು ಸುತ್ತಿದಳು. ಪೂಜೆಯ ಬಟ್ಟೆಯೆಂದು ಯಾರೋ ಗೊಣಗಿದರು. “ಲಕ್ಷ್ಮಿಗಿ ನಾ ಹೇಳ್ತೇನಿ,” ಎಂದಳು. ಜೇವರ್ಗಿಯ ಆಸ್ಪತ್ರೆಯಲ್ಲಿ ಚೂರು ತೆಗೆದ ಡಾಕ್ಟರು, ಅಂದೇ ಬಂದದ್ದು ಒಳ್ಳೆಯದಾಯಿತು ಎಂದರು. ಗಾಯ ಮಾಯುವ ತನಕ ನನ್ನ ನಡಿಗೆ, ಓಡಾಟ ಎಲ್ಲ ಬಂದ್. ಗಂಟೆ ಬಾರಿಸುವ ಅಧಿಕಾರವೂ ಮನೆಯಲ್ಲಿ ಕೈ ಬದಲಾಯಿತು.

ಈ ವರ್ಷದ ರಾಶಿಗೆ ಮೊದಲೇ ಅವಳು ತಮ್ಮನಿಗೆ ಫೋನು ಮಾಡಿ, ಬೂಟು ಹಾಕಿಕೊಂಡವರು ಬದುವಿನಿಂದಲೇ ಕೈ ಮುಗಿಯಬಹುದೆಂಬ ಹೊಸ ಪದ್ಧತಿ ಜಾರಿಗೆ ತಂದಳು. ನಾನು ಬದುವಿನಲ್ಲಿ ಬೂಟು ಮೆಟ್ಟಿಯೇ ನಿಂತೆ. ಸಕ್ಕರೆ ಇರುವ ಇನ್ನೂ ಮೂವರು ಹಿರಿಯರು ಬಂದು ನನ್ನ ಪಕ್ಕ ಸಾಲಾಗಿ ನಿಂತರು. ಇಷ್ಟು ಅಚ್ಚುಕಟ್ಟಾದ ಸಾಲು ನನ್ನ ನೌಕರಿಯಲ್ಲೂ ನಿಂತಿರಲಿಲ್ಲ.

ಇಂದು ಬೆಳಿಗ್ಗೆಯೂ ತಪಾಸಣೆ ನಡೆಯಿತು. ಬೆಳಕಿಗೆ ತಿರುಗಿಸಿ, ಬೆರಳ ಸಂದಿ ಬಿಡಿಸಿ ನೋಡಿ, “ಛಲೋ ಐತಿ,” ಎಂದಳು. ಬಹುಮಾನ ಗೆದ್ದ ಹುಡುಗನಂತೆ ನಾನು ಎದೆಯುಬ್ಬಿಸಿ ಎದ್ದು ನಿಂತೆ.

“ಕೂಡ್ರಿ,” ಎಂದಳು ಶಾಂತವ್ವ. “ಇನ್ನೊಂದ ಕಾಲ್ ಐತಿ.”